ಎರಡು ಬೆರಳಿನ ಸಂದು

ಇಂದು ಮಾಡಿದ ಕೆಲಸಗಳು: ಅಂಗಳ ಗುಡಿಸಿದೆ. ನಳ ಬಂದಿತ್ತು, ಎರಡು ಬ್ಯಾರಲ್, ಆರು ಕೊಡ ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಮನೆಯವರ ಬಲಗಾಲಿನ ಪಟ್ಟಿ ಬಿಚ್ಚಿ, ಗಾಯ ತೊಳೆದು, ಹೊಸ ಪಟ್ಟಿ ಸುತ್ತಿದೆ. ಎರಡು ಕುಪ್ಪಸಕ್ಕೆ ತೋಳು ಹಚ್ಚಿದೆ. ಪುಂಡಿ ಸೊಪ್ಪು ಸೋಸಿಟ್ಟೆ. ಮೂರು ಗಾಲಿಯ ಗಾಡಿಯನ್ನು ಒದ್ದೆ ಅರಿವೆಯಿಂದ ಒರೆಸಿ, ಹಿಂದಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಖಣದ ತುಂಡುಗಳನ್ನು ತೆಗೆದು ಟ್ರಂಕಿಗೆ ಹಾಕಿದೆ. ಹನ್ನೊಂದರ ಹೊತ್ತಿಗೆ ಗಾಡಿ ಒಯ್ಯುವವರು ಬಂದರು.

ಪೆಟ್ಟಿಗೆಯನ್ನು ನಿನ್ನೆಯೇ ಖಾಲಿ ಮಾಡಬಹುದಿತ್ತು. ಮಾಡಿರಲಿಲ್ಲ.

ನಮ್ಮ ಮನೆ ರೋಣದಲ್ಲಿ. ಮನೆಯವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೋಟಾರ್ ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಹಳ್ಳಿ ತಿರುಗಿದವರು. ಗಜೇಂದ್ರಗಡದ ಮಗ್ಗದ ಮನೆಗಳಿಂದ ಸೀರೆ ತರುತ್ತಿದ್ದರು. ಒಂದು ದಿನ ಬೆಳವಣಕಿ, ಒಂದು ದಿನ ಸೂಡಿ, ಒಂದು ದಿನ ನರಗುಂದ ದಾರಿ ಹಿಡಿದು ಶಿರೋಳ. ಸೀರೆ ಕೊಂಡವರು ಖಣವನ್ನೂ ಕೊಂಡರೆ ಕುಪ್ಪಸ ಹೊಲಿದು ಕೊಡುವುದು ನನ್ನ ಕೆಲಸ. ಅಳತೆ ಬಾಯಿಮಾತಿನಲ್ಲೇ ಬರುತ್ತಿತ್ತು. "ಹೋದ ಸಲಕ್ಕಿಂತ ಒಂದ ಬಟ್ಟ ಸಡಲ ಅಂತ," ಎಂದು ಇವರು ಬಾಗಿಲಲ್ಲಿ ಬೂಟು ಬಿಚ್ಚುತ್ತಲೇ ಹೇಳುವರು. ಒಂದು ಬಟ್ಟ ಎಂದರೆ ಒಂದು ಬೆರಳಿನ ಅಗಲ. ಯಾರ ಮನೆಯಲ್ಲಿ ಸೊಸೆ ಬಂದಳು, ಯಾರು ಸೊರಗಿದರು, ಯಾರು ದಪ್ಪಗಾದರು ಎಂಬುದೆಲ್ಲ ನನಗೆ ಹಾಗೆ ತಿಳಿಯುತ್ತಿತ್ತು. ಆ ಊರುಗಳನ್ನು ನಾನು ಕಂಡದ್ದು ಕಡಿಮೆ. ಅಲ್ಲಿಯ ಹೆಂಗಸರ ತೋಳು, ಬೆನ್ನುಗಳ ಅಳತೆ ಮಾತ್ರ ಇಂದಿಗೂ ಬಾಯಿಪಾಠ.

ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆಮೇಲೆ ಎರಡು ವರ್ಷ ಬಾಗಿಲ ಬಳಿಯ ಮಂಚದ ಮೇಲೆ ಕುಳಿತು ರಸ್ತೆಯ ಸಪ್ಪಳ ಕೇಳಿದರು. ಹಾರ್ನಿನ ಮೇಲೆಯೇ ಬಸ್ಸು ಗುರುತಿಸುವರು. "ಇದು ನರಗುಂದದ್ದು. ಇದು ಗಜೇಂದ್ರಗಡದ್ದು, ಇವತ್ತ ತಡಾ ಆತು." ಬಂಧುವೊಬ್ಬರು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಒಂದೆರಡು ಊರು ಸುತ್ತಿಸಿ ಬರುತ್ತೇನೆ ಎಂದಾಗ ಬೇಡ ಎಂದರು. ನನಗೆ ಮಾತ್ರ ಆಮೇಲೆ ಹೇಳಿದರು:

"ನನ್ನ ಊರು ನಾ ಹೊಡಕೊಂಡ ಹೋಗಬೇಕು. ಮಂದಿ ಬೆನ್ನ ನೋಡಕೋತ ಏನ್ ಹೋಗೂದು?"

ಅವರು ಕೇಳಿದ್ದು ಅದೊಂದನ್ನೇ. ಮದುವೆಯಾದಾಗಿನಿಂದ ಬೇರೆ ಏನನ್ನೂ ಬಾಯಿಬಿಟ್ಟು ಕೇಳಿದ ನೆನಪಿಲ್ಲ.

ಗಜೇಂದ್ರಗಡದಲ್ಲಿ ಒಬ್ಬ ಮಿಸ್ತ್ರಿ ಇದ್ದಾನೆ. ತಗಡಿನಲ್ಲಿ ಕಾಳಿನ ಡಬ್ಬಿ, ನೀರಿನ ಟಾಕಿ ಮಾಡುವ ಮುಸಲ್ಮಾನ ಮನೆತನ. ಅಜ್ಜನ ಕಾಲದಿಂದ ಅದೇ ಕಸುಬು. ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ ಎರಡು ಗಾಲಿ ಹಚ್ಚಿಕೊಡುತ್ತಾನೆ ಎಂದು ಯಾರೋ ಹೇಳಿದರು. ನಮ್ಮ ಗಾಡಿಯನ್ನು ಟೆಂಪೋದಲ್ಲಿ ಕಳಿಸಿ, ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಮಿಸ್ತ್ರಿ ಇವರನ್ನು ಕಾಲಿನಿಂದ ತಲೆಯವರೆಗೆ ನೋಡಲಿಲ್ಲ; ಗಾಡಿಯನ್ನೇ ನೋಡಿದ. ಇವರಿಗೆ ಅದು ಹಿಡಿಸಿತು.

"ಗೇರ್ ಎಡಗಾಲಿಂದು. ಅದನ್ನ ಕೈಗೆ ತರ್ತೀನ್ರಿ, ಒಂದ ಕಬ್ಬಿಣದ ಕೋಲ ಹಚ್ಚಿ. ಬ್ರೇಕ ಬಲಗಾಲಿಂದು, ಅದು ಇದ್ದಂಗ ಇರ್ಲಿ. ಬಲಗಾಲ ಚಲೋ ಐತೆಲ್ಲ?"

"ಅದೊಂದ ಉಳದೈತಿ ನೋಡಪಾ," ಎಂದರು ಇವರು. "ನಾಕ ಗಾಲಿ ಹಚ್ಚಿಬಿಡು, ಕಾರಿನ್ಯಾಗ ಬಂದ್ನೆಂದ್ರ ಸೀರಿ ತುಟ್ಟಿ ಮಾರಬಹುದು."

"ಮೂರರಾಗ ಬರ್ರಿ ಮೊದ್ಲ. ನಾಕನೇದ್ದು ಆಮ್ಯಾಲ ನೋಡೂಣು."

ಗಾಲಿಗಳು ಸಿಕ್ಕಿದ್ದು ನರಗುಂದದ ಗುಜರಿಯಲ್ಲಿ. ಸಾಮಾನಿನ ಆಟೋದ ಹಳೆಯ ಗಾಲಿಗಳು, ಗಿಡ್ಡವು, ಅಗಲವು. ಮಿಸ್ತ್ರಿ ಹಾಕಿದ ಅಚ್ಚಿನ ತೂತು ನಾಲ್ಕು, ಗಾಲಿಯ ತೂತು ಮೂರು. ದಪ್ಪ ಕಬ್ಬಿಣದ ಎರಡು ಬಿಲ್ಲೆ ಕತ್ತರಿಸಿ, ಒಂದು ಮುಖಕ್ಕೆ ಮೂರು, ಇನ್ನೊಂದು ಮುಖಕ್ಕೆ ನಾಲ್ಕು ತೂತು ಕೊರೆದು ನಡುವೆ ಕೂರಿಸಿದ. ಒಂದು ಗಾಲಿ ಸ್ವಲ್ಪ ಹೊರಕ್ಕೆ ಬಾಗಿ ತಿರುಗುತ್ತಿತ್ತು. ಅದನ್ನು ಬಿಚ್ಚಿ, ತಿಕ್ಕಿ, ಮತ್ತೆ ಹಚ್ಚಿ, ಮತ್ತೆ ಬಿಚ್ಚಿದ. ಪ್ರತಿ ಸಲ ಗಾಲಿ ತಿರುಗಿಸಿ, ಟೈರಿಗೆ ಸುಣ್ಣದ ಕಡ್ಡಿ ಹಿಡಿದು, ಗೆರೆ ಎಲ್ಲ ಕಡೆ ಸಮ ಬೀಳುತ್ತದೋ ಇಲ್ಲವೋ ಎಂದು ನೋಡುವನು. ನಾವು ಹೋದ ಮೂರನೆಯ ಸಲಕ್ಕೆ ಗೆರೆ ಸಮ ಬಿತ್ತು.

ನಾಲ್ಕನೆಯ ಸಲ ಹೋದದ್ದು ಮಡ್‌ಗಾರ್ಡಿಗೆ. ಅವನ್ನು ಅವನು ಕಾಳಿನ ಡಬ್ಬಿಯ ತಗಡಿನಲ್ಲೇ ಮಾಡಿದ. ಮರಳು ತುಂಬಿದ ಹಳೆಯ ಟ್ರ್ಯಾಕ್ಟರ್ ಟೈರಿನ ಮೇಲೆ ತಗಡು ಹಾಸಿ, ಮರದ ಕೊಡತಿಯಿಂದ ಸಣ್ಣಗೆ ಬಡಿದು ಬಡಿದು ಗುಂಡು ತಂದ. ಅಂಚಿನೊಳಗೆ ತಂತಿ ಇಟ್ಟು ಮಡಚಿದ, ಸೀರೆ ತಾಗಿದರೆ ಹರಿಯಬಾರದೆಂದು. ಅದನ್ನು ನೋಡಿ ನನಗೆ ಸಂತೋಷವಾಯಿತು. ಸೀರೆಯ ಅಂಚಿಗೆ ನಾನೂ ಹಾಗೆಯೇ ಮಡಚಿ ಹೊಲಿಗೆ ಹಾಕುತ್ತೇನೆ.

ಕೂರಿಸುವ ಮೊದಲು ಮಿಸ್ತ್ರಿ ಟೈರಿನ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದ.

"ಅಕ್ಕಾರ, ಗಾಲಿಗೂ ಇದಕ್ಕೂ ನಡುವ ಇಷ್ಟ ಸಂದ ಬಿಡ್ತೀನ್ರಿ."

"ಅಷ್ಟ ಬಿಟ್ರ ಕೆಸರೆಲ್ಲಾ ಸೀರಿ ಮ್ಯಾಲ ಸಿಡಿತೈತಿ. ಎರಡ ಬಟ್ಟ ಸಾಕು. ಕೆಳಗೂ ಇಳಸ್ರಿ ಇನ್ನಷ್ಟು."

"ನಿಮ್ದು ಎರಿ ನಾಡ್ರಿ. ನಮ್ಮ ಗುಡ್ಡದ ಕಡೆದು ಮಸಾರಿ, ಕೆಂಪ ಮಣ್ಣು, ಕೆಸರ ತಾನ ಉದರತೈತಿ. ನಿಮ್ಮ ಮಣ್ಣ ಹಿಡದ್ರ ಬಿಡೂದುಲ್ಲ. ವಿಚಾರ ಮಾಡ್ರಿ."

"ಡಾಂಬರ ರಸ್ತಾ ಬಿಟ್ಟ ಇವ್ರ ಎಲ್ಲಿ ಹೊಕ್ಕಾರ? ಎರಡ ಬಟ್ಟ ಹಾಕ್ರಿ."

ನಾನು ಹುಟ್ಟಿದ್ದು ಎರೆ ನೆಲದಲ್ಲಿ, ಅಂಟುವ ಕರಿಮಣ್ಣಿನಲ್ಲಿ. ಮಳೆಗಾಲ ಬಂದರೆ ನಮ್ಮ ಕಡೆಯ ಗಂಡಸರು ಬೈಕಿನ ಮುಂದಿನ ಮಡ್‌ಗಾರ್ಡು ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾರೆ. ಒಂದು ಹೊಲ ದಾಟುವುದರಲ್ಲಿ ಚಪ್ಪಲಿ ಎತ್ತಲಾರದಷ್ಟು ಭಾರವಾಗುತ್ತದೆ. ಇದನ್ನು ನನಗೆ ಗಜೇಂದ್ರಗಡದವನು ಹೇಳಬೇಕಾಗಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಸೀರೆ. ಹಿಂದೊಮ್ಮೆ ಗಿರಾಕಿಯೊಬ್ಬರ ಮದುವೆಯ ಬಿಳಿ ಸೀರೆಗೆ ಕರಿ ಕೆಸರು ಸಿಡಿದು, ಎಂಟು ದಿನ ತಿಕ್ಕಿದರೂ ಕಲೆ ಹೋಗದೆ, ಅವರ ಬೀಗರ ಮುಂದೆ ಇವರು ತಲೆ ತಗ್ಗಿಸಿ ಬಂದಿದ್ದರು. ಹೊಸ ಗಾಡಿಯಲ್ಲಿ ಮೊದಲ ಸಲ ಹೋಗುವಾಗ ಗಂಟಿನ ಮೇಲೆ ಒಂದು ಹನಿಯೂ ಬೀಳಬಾರದು ಎಂಬುದು ನನ್ನ ಹಟ.

ಮಿಸ್ತ್ರಿ ಇವರ ಕಡೆ ನೋಡಿದ. ಮರಳಿನ ಟೈರಿನ ಮೇಲೆ ಕುಳಿತಿದ್ದ ಇವರು ನಕ್ಕರು. "ಆಕಿ ಹೇಳಿದಂಗ ಮಾಡಪಾ. ಸೀರಿ ತೊಳಿಯಾಕಿ ಆಕಿ."

ಬೇಸಿಗೆ ಪೂರ್ತಿ ಚೆನ್ನಾಗಿ ನಡೆಯಿತು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಬೆಳಿಗ್ಗೆ ಗಂಟು ಕಟ್ಟಿ ಪೆಟ್ಟಿಗೆಗೆ ಇಡುತ್ತಿದ್ದೆ, ಊರುಗೋಲನ್ನು ಪಕ್ಕದ ಕೊಕ್ಕೆಗೆ ಸಿಕ್ಕಿಸುತ್ತಿದ್ದೆ. ಗಾಲಿ ಗಿಡ್ಡವಾದ್ದರಿಂದ ಅವರು ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಿದ್ದರು. ಮೊದಲ ದಿನ ಬೆಳವಣಕಿಯಿಂದ ಬಂದು ಬಾಗಿಲಲ್ಲೇ ಸುದ್ದಿ ಹೇಳಲು ಶುರು ಮಾಡಿದರು. ಅಲ್ಲಿಯ ಹಳೆಯ ಗಿರಾಕಿ ಮುದುಕಿ ಓಣಿಯ ಮಂದಿ ಕೇಳುವಂತೆ ಕೂಗಿದಳಂತೆ: "ಏ ಸೀರಿಯಪ್ಪಾ, ಕಾಲ ಒಂದ ಹೋತಂತ ಗಾಲಿ ಒಂದ ಹೆಚ್ಚ ಹಚ್ಚಿಸಿಯೇನ?" ಇವರು, "ಹೌದಬೇ, ನಿನಗೂ ಹಲ್ಲ ಹೋಗ್ಯಾವು, ಏನ್ ಹಚ್ಚಸ್ತಿ ಹೇಳು," ಎಂದರಂತೆ. ಇದನ್ನು ಹೇಳುವಾಗ ನಕ್ಕು ಕೆಮ್ಮು ಬಂತು. ಎರಡು ವರ್ಷದ ಮೇಲೆ ನನಗೆ ಮತ್ತೆ ಅಳತೆಗಳು ಬರತೊಡಗಿದವು.

ಮೊದಲ ದೊಡ್ಡ ಮಳೆಯ ದಿನ ಅವರು ಬೆಳವಣಕಿಯಲ್ಲೇ ಇದ್ದರು. ಒಂದು ಮದುವೆಮನೆಯವರು ಹೊಲದ ಮನೆಯಲ್ಲಿ ಇರುತ್ತಾರೆ, ಅಲ್ಲಿಗೇ ಬನ್ನಿ ಎಂದಿದ್ದರು. ಡಾಂಬರು ಬಿಟ್ಟು ಒಳಗೆ ಬಹಳ ದೂರವೇನಲ್ಲ. ಹೋಗುವಾಗ ದಾರಿ ಒಣಗಿತ್ತು. ಬರುವಾಗ ಮಳೆ ಹಿಡಿಯಿತು. ಕೆಸರು, ಜೋಳದ ಕೂಳೆ, ಹುಲ್ಲು ಎಲ್ಲ ಸುತ್ತಿಕೊಂಡು ಆ ಎರಡು ಬೆರಳಿನ ಸಂದಿನಲ್ಲಿ ಕೂತವು. ಮೊದಲು ಒಂದು ಗಾಲಿ ನಿಂತಿತು, ಆಮೇಲೆ ಇನ್ನೊಂದು. ಕಾಲಿದ್ದವರಾದರೆ ಇಳಿದು, ಕಡ್ಡಿಯಿಂದ ಕೆದರಿ, ನೂಕಿಕೊಂಡು ಬರುತ್ತಾರೆ. ಇವರು ಊರುಗೋಲು ಊರಿದರೆ ಅದು ಅರ್ಧ ಹೂತುಹೋಯಿತು. ಬಲಗಾಲನ್ನು ಕೆಸರಿಗೆ ಇಳಿಬಿಟ್ಟು, ಕೈ ಮುಟ್ಟುವಷ್ಟು ಮಣ್ಣು ಕಿತ್ತು, ಆಮೇಲೆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕುಳಿತುಬಿಟ್ಟರು.

ಜೇಬಿನಲ್ಲಿ ಫೋನ್ ಇತ್ತು. ಅವರು ಮಾಡಲಿಲ್ಲ. ನಾಲ್ಕು ಗಂಟೆಗೆ ನಾನೇ ಮಾಡಿದೆ.

"ಎಲ್ಲಿ ಅದೀರಿ? ಇಲ್ಲಿ ಭಾಳ ಮಳಿ."

"ಇಲ್ಲೂ ಐತಿ. ಕುಂತೀನಿ. ಚಾ ಕುಡ್ಯಾಕತ್ತೀನಿ."

ಸಂಜೆ ಅವರನ್ನು ಮನೆಗೆ ತಂದ ಟ್ರ್ಯಾಕ್ಟರಿನವನು ಖರೇ ಮಾತು ಹೇಳಿದ. ಮೂರು ತಾಸು ಹಾಗೆಯೇ ಕುಳಿತಿದ್ದರು. ಇಬ್ಬರು ಸೇರಿ ಎತ್ತಿ ಟ್ರಾಲಿಗೆ ಹಾಕಿದರು. "ಚೀಲ ಎತ್ತಿದಂಗ ಎತ್ತಿದ್ರು," ಎಂದರು ಇವರು, ಅಷ್ಟೇ. ಸೀರೆಗಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಬಿಸಿನೀರಿನಲ್ಲಿ ಬಲಗಾಲು ತೊಳೆಯುವಾಗ ನನ್ನ ಕೈಗೆ ಏನೋ ಚುಚ್ಚಿತು. ಹೆಬ್ಬೆರಳಿನ ಬುಡದಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. "ನೋವಾಗ್ಲಿಲ್ಲೇನ್ರಿ?" ಎಂದೆ. "ಏನ?" ಎಂದರು. ಅವರಿಗೆ ಅದು ಇರುವುದೇ ಗೊತ್ತಿರಲಿಲ್ಲ.

ಮುಂದಿನ ವಾರ ಮಿಸ್ತ್ರಿಯನ್ನು ಕರೆಸಿದೆ. ಮಡ್‌ಗಾರ್ಡಿನೊಳಗೆ ಮಣ್ಣು ಸುಟ್ಟ ಇಟ್ಟಿಗೆಯಂತೆ ಒಣಗಿತ್ತು. ಚಾಣದಿಂದ ಹೊಡೆದು ಹೊಡೆದು ತೆಗೆದ. ಗುಂಡಗಿನ ಹೋಳುಗಳು, ಟೈರಿನ ಗೆರೆ ಒಳಗೆ ಮೂಡಿದ್ದವು. ನನ್ನನ್ನು ಏನೂ ಕೇಳದೆ ಕಂಬಿ ಬದಲಿಸಿ ಐದು ಬೆರಳು ಸಂದು ಬಿಟ್ಟು ಕೂರಿಸಿದ. "ಈಗ ಕುಂಡ್ರರಿ, ಒಂದ ಸುತ್ತ ನೋಡೂಣು," ಎಂದ. ಇವರು ಹತ್ತಿದರು. ಗಾಡಿ ಶುರು ಮಾಡುವ ಮೊದಲು ಅವನು ಹಿಂದಿನಿಂದ ಕೂಗಿದ: "ಬ್ರೇಕ ಒತ್ರಿ."

"ಒತ್ತೀನಿ."

"ಒತ್ರಿ ಅಂದ್ನಿ."

"ಒತ್ತೀನಿ ಮಾರಾಯಾ!"

ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಪಟ್ಟಿ ಸುತ್ತಿದ ಪಾದ ಬ್ರೇಕಿನ ಮೇಲಿರಲಿಲ್ಲ. ಪಕ್ಕದ ಕಾಲುಗೂಟದ ಮೇಲಿತ್ತು, ಅದನ್ನೇ ಶಕ್ತಿ ಹಾಕಿ ಒತ್ತುತ್ತಿತ್ತು. ಅವರು ಬಗ್ಗಿ ನೋಡಿದರು. ಆಮೇಲೆ ಕೀಲಿ ತೆಗೆದು ನನ್ನ ಕೈಗೆ ಕೊಟ್ಟು ಇಳಿದರು.

ಮುಳ್ಳಿನ ಗಾಯ ಮಾಯಲಿಲ್ಲ. ಗದಗಿನ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿದೀತು ಎಂದು ಡಾಕ್ಟರರೂ ಗಟ್ಟಿಯಾಗಿ ಹೇಳುವುದಿಲ್ಲ. ಬ್ರೇಕನ್ನೂ ಕೈಗೆ ತರಬಹುದು ಎಂದು ಮಿಸ್ತ್ರಿ ಫೋನಿನಲ್ಲಿ ಒಮ್ಮೆ ಹೇಳಿದ. ಇವರು ಕೇಳಿಸಿಕೊಂಡು, "ಸಾಕ ಮಾಡು, ನಿನಗೂ ಮನಿ ಐತಿ," ಎಂದರು. ಗಾಡಿ ಅಂಗಳದಲ್ಲಿ ನಿಂತಿತು. ಬಸ್ಸುಗಳ ಹೆಸರು ಹೇಳುವುದನ್ನೂ ಅವರು ಬಿಟ್ಟರು. ಆ ಎರಡು ಬೆರಳಿನ ಸಂದಿನ ಮಾತು ನಮ್ಮಿಬ್ಬರ ನಡುವೆ ಒಂದು ದಿನವೂ ಬಂದಿಲ್ಲ. ಅವರು ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಪಟ್ಟಿ ಕಟ್ಟುವಾಗ ದಿನಾ ಕಾಲಿನ ಕಡೆಗೆ ನಾನು ನೋಡುತ್ತೇನೆ, ಬಾಗಿಲಿನ ಕಡೆಗೆ ಅವರು.

ಇಂದು ಗಾಡಿ ಒಯ್ಯಲು ಮಿಸ್ತ್ರಿಯ ಜೊತೆ ಬಂದವರು ಶಿರೋಳದ ಗಂಡ ಹೆಂಡತಿ. ಗಂಡನಿಗೆ ಚಿಕ್ಕಂದಿನಿಂದ ಎರಡೂ ಕಾಲಿನಲ್ಲಿ ಬಲವಿಲ್ಲ. ಸಂತೆಗಳಲ್ಲಿ ಕಾಯಿಪಲ್ಯ ಮಾರುತ್ತಾನೆ. ಗೇರಿನ ಹಾಗೆ ಬ್ರೇಕನ್ನೂ ಅವನ ಕೈಗೆ ತಂದುಕೊಡುವುದೆಂದು ಮಾತಾಗಿತ್ತು. ಅವನು ಗಾಡಿಯ ಮೇಲೆ ಕುಳಿತು ಹ್ಯಾಂಡಲ್ ಹಿಡಿದು ಮುಖ ಅರಳಿಸಿದ. ಹೆಂಡತಿ ಸುತ್ತ ಬಂದು, ಬಗ್ಗಿ, ಟೈರಿನ ಮೇಲಿನ ಸಂದಿನಲ್ಲಿ ಕೈ ಹಾಕಿ ನೋಡಿದಳು.

"ಇದೇನ್ರಿ ಭಾಯಿ, ಕೈ ಹೊಕ್ಕ ಕೈ ಬರತೈತಿ! ಕೆಸರು ಕೊತಂಬ್ರಿ ಮ್ಯಾಲ ಸಿಡದ್ರ ಯಾರ ತೊಗೋತಾರ? ಇಳಸಿ ಹಚ್ರಿ ಸ್ವಲ್ಪ."

ಮಿಸ್ತ್ರಿ ನಟ್ಟು ಬಿಚ್ಚುವ ಪಾನಾವನ್ನು ಒರೆಸತೊಡಗಿದ. ಅವನು ಹೇಳಲಿ ಎಂದು ನಾನು ಕಾದೆ.

"ಇಳಸಬ್ಯಾಡವ್ವ," ಎಂದೆ. "ಕೊತಂಬ್ರಿ ತೊಳಕೋ. ಇಳಸಬ್ಯಾಡ. ಮೊದಲ ಎರಡ ಬಟ್ಟ ಇತ್ತು. ನಾನ ಹಾಕಿಸಿದ್ದೆ."

ಅವಳಿಗೆ ನಂಬಿಕೆಯಾಗಲಿಲ್ಲ, ಮಿಸ್ತ್ರಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಗ ಮಂಚದಿಂದ ಮನೆಯವರ ದನಿ ಬಂತು.

"ಆಕಿ ಹೇಳಿದಂಗ ಮಾಡಪಾ."

ಗಜೇಂದ್ರಗಡದಲ್ಲಿ ಆಡಿದ್ದ ಮಾತೇ. ಆದರೆ ಅಂದು ನಕ್ಕಿದ್ದರು. ಇಂದು ನಗಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಗೋಡೆಯ ಕಡೆ ಹೊರಳಿದ್ದರು.

ಗಾಡಿಯನ್ನು ಟೆಂಪೋಗೆ ಹತ್ತಿಸುವಾಗ ನಾನೂ ಒಂದು ಕಡೆ ಹಿಡಿದೆ. ಅಂಗಳದಲ್ಲಿ ಅದು ನಿಂತಿದ್ದ ಕಡೆ ಎಣ್ಣೆಯ ಕಲೆ ಇತ್ತು. ಬೂದಿ ಹಾಕಿ ತಿಕ್ಕಿದೆ, ಪೂರ್ತಿ ಹೋಗಲಿಲ್ಲ. ಮಧ್ಯಾಹ್ನ ಗಿರಣಿಯಿಂದ ಹಿಟ್ಟು ತಂದೆ.

ಸಂಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಅವರು ಒಂದೂವರೆ ರೊಟ್ಟಿ ತಿಂದರು, ನಾನು ಎರಡು. ನಾನು ತಾಟು ತೊಳೆದು ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.