ಶನಿವಾರದ ಆಯಿಲ್

ನಮ್ಮ ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ, ಕಾರು ಓಡಿಸಲೂ ಬರುತ್ತಿರಲಿಲ್ಲ. ಆದರೂ ಶಿಡ್ಲಘಟ್ಟದ ನಮ್ಮ ಮನೆಯ ಕಾರು ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದವರು ಅವರೇ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಮ್ಮವರು ಚಿಂತಾಮಣಿಯ ವರ್ತಕರೊಬ್ಬರು ಓಡಿಸಿ ಬಿಟ್ಟಿದ್ದ ಹಳೇ ಕಾರನ್ನು ಕೊಂಡು ತಂದಿದ್ದರು. ತಂದ ದಿನದಿಂದ ಪಕ್ಕದ ಬೀದಿಗೂ ನಡೆದು ಹೋದವರಲ್ಲ. ಬಾನೆಟ್ ಎತ್ತುವುದೆಂದರೆ ಮಾತ್ರ ಅವರಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು.

ಆ ಕೆಲಸ ಅತ್ತೆಯ ಪಾಲಿಗೆ ಬಂತು. ಅವರು ತವರಿನಲ್ಲಿ ಚರಕದ ಮುಂದೆ ಕೂತು ರೇಷ್ಮೆ ನೂಲು ತೆಗೆದವರು. ಬಿಸಿನೀರಿನಿಂದ ಏಳುವ ಎಳೆ ದಪ್ಪವೋ ತೆಳುವೋ ಎಂದು ಬೆರಳಲ್ಲೇ ತಿಳಿಯುತ್ತಿದ್ದರು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಹಳೇ ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆಯುವರು. ಮೊದಲ ಸಲ ಕಂಡದ್ದನ್ನು ನಂಬುತ್ತಲೇ ಇರಲಿಲ್ಲ. ಕಡ್ಡಿಯ ಮೇಲಿನ ಎರಡು ಗೆರೆಗಳ ನಡುವೆ ಎಣ್ಣೆ ನಿಂತಿರಬೇಕು. ಆಮೇಲೆ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಕಣ್ಣು ಮುಚ್ಚಿಕೊಂಡು, ಜಿಡ್ಡು ಉಳಿದಿದೆಯೋ ಸವೆದಿದೆಯೋ ಹೇಳಿಬಿಡುವರು. ಯಾರು ಕಲಿಸಿದರು ಎಂದು ಕೇಳಿದರೆ, ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿದವರಿಗೆ ಇದೇನು ಮಹಾ ಎನ್ನುವರು. ನಾನು ಟೀಚರ್ ತರಬೇತಿ ಮುಗಿಸಿ ಬಂದ ಸೊಸೆ. ಆ ಬೆರಳುಗಳ ಮುಂದೆ ನನ್ನ ಓದು ಸಪ್ಪೆ ಎನಿಸುತ್ತಿತ್ತು.

ಆದರೆ ಅವರದೊಂದು ಕಟ್ಟುನಿಟ್ಟು. ಶನಿವಾರ ಎಣ್ಣೆ ಕೊಳ್ಳುವಂತಿಲ್ಲ. ಗಾಣದವರು ಮರೆತು ಕಡಲೆಕಾಯಿ ಎಣ್ಣೆ ತಂದರೂ ಹೊಸಿಲಿನ ಆಚೆಯಿಂದಲೇ ವಾಪಸ್ಸು. ಒಗ್ಗರಣೆಗೆ ಹನಿ ಇಲ್ಲದಿದ್ದರೆ ಅವತ್ತು ಒಗ್ಗರಣೆಯೇ ಇಲ್ಲ.

ಚಿಕ್ಕಬಳ್ಳಾಪುರದಲ್ಲಿ ಉಪಾಧ್ಯಾಯಿನಿ ಕೆಲಸದ ಸಂದರ್ಶನಕ್ಕೆ ನನಗೆ ಕರೆ ಬಂದದ್ದು ಒಂದು ಶನಿವಾರಕ್ಕೇ. ಹನ್ನೊಂದು ಗಂಟೆಗೆ ಅಲ್ಲಿರಬೇಕು. ಅಂಥ ಒಂದು ಕಾಗದಕ್ಕಾಗಿ ಎರಡು ವರ್ಷ ಕಾದಿದ್ದೆ. ನಾನು ಕೆಲಸಕ್ಕೆ ಹೋಗುವುದು ಅತ್ತೆಗೆ ಇಷ್ಟವೋ ಇಲ್ಲವೋ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಮನೆಯಲ್ಲಿ ಕಾರಿರುವಾಗ ಬಸ್ಸೇಕೆ ಎಂದು ನಮ್ಮವರು ಬೆಳಗಿನ ಬಸ್ಸು ತಪ್ಪಿಸಿದರು. ಎಣ್ಣೆಯನ್ನು ತಾವೇ ನೋಡಿದ್ದಾಗಿಯೂ, ಭರ್ತಿ ಇದೆಯೆಂದೂ ದೊಡ್ಡದಾಗಿ ಹೇಳಿದರು.

ಅತ್ತೆ ಕಾರನ್ನೂ ಅಂಗಳವನ್ನೂ ನೋಡಿದರು. ಇಳಿಜಾರಿನಲ್ಲಿ ಕಾರು ಮೂತಿ ತಗ್ಗಿಸಿ ನಿಂತಿತ್ತು. ಹಾಗೆ ನಿಂತರೆ ಎಣ್ಣೆಯೆಲ್ಲ ಮುಂದಕ್ಕೆ ಹರಿದು ಕಡ್ಡಿ ಸುಳ್ಳು ಹೇಳುತ್ತದೆ ಎಂದು ಮಗನಿಗೆ ಗದರಿಸಿ, ಬೀದಿಯ ಸಮತಟ್ಟಿಗೆ ತಳ್ಳಿಸಿದರು. ಒರೆಸಿದರು, ಇಳಿಸಿದರು, ಎಳೆದರು. ಕಡ್ಡಿಯ ತುದಿ ಮಾತ್ರ ನೆಂದಿತ್ತು. ಹನಿಯನ್ನು ಬೆರಳಲ್ಲಿ ತಿಕ್ಕಿದರು.

"ಮರಳು ಸಿಗ್ತೈತೆ. ಪೂರ್ತಿ ಬದಲಾಯಿಸ್ದೆ ಇದು ಹೋಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಶನಿವಾರ, ಎಣ್ಣೆ ತರುವಂತಿಲ್ಲ. ಸೊಸೆಯನ್ನು ಮನೆಯಲ್ಲೇ ಕೂರಿಸಲು ಇವರಿಗೆ ಒಳ್ಳೆಯ ನೆಪ ಸಿಕ್ಕಿತು ಎಂದುಕೊಂಡೆ. ಕಣ್ಣೀರು ಕಾಣದಿರಲೆಂದು ಸೆರಗು ಸರಿಮಾಡಿಕೊಳ್ಳುತ್ತ ನಿಂತೆ. ನಮ್ಮವರು ತಲೆ ಕೆರೆದುಕೊಂಡು, ವಾರ ಯಾವುದೆಂದು ಅಮ್ಮನಿಗೆ ಮೆಲ್ಲಗೆ ನೆನಪಿಸಿದರು.

ಅತ್ತೆ ಕಡ್ಡಿ ಒರೆಸುತ್ತಲೇ ಹೇಳಿದರು: "ಎಣ್ಣೆ ತಾನೇ ತರಬಾರ್ದು? ಅಂಗಡಿಯೋನು ಇದನ್ನ ಆಯಿಲ್ ಅಂತಾನೆ. ಹೋಗು, ಆಯಿಲ್ ತಗೊಂಬಾ."

ಹಳೆಯದು ಸಲೀಸಾಗಿ ಇಳಿಯಲೆಂದು ಎಂಜಿನ್ನನ್ನು ಒಂದು ನಿಮಿಷ ಓಡಿಸಿ ನಿಲ್ಲಿಸಿ, ನಮ್ಮವರು ಬಸ್ ನಿಲ್ದಾಣದ ಹತ್ತಿರದ ಆಯಿಲ್ ಅಂಗಡಿಗೆ ಓಡಿದರು. ಅತ್ತೆ ಗೋಣಿಚೀಲ ಹಾಸಿ, ಸೀರೆ ಎತ್ತಿ ಕಟ್ಟಿ, ಬೀದಿಯವರೆಲ್ಲ ನೋಡುತ್ತಿರುವಂತೆಯೇ ಕಾರಿನ ಅಡಿಗೆ ನುಸುಳಿದರು. ಸ್ಪ್ಯಾನರ್ ಹಿಡಿದು ತಳದ ಬೋಲ್ಟು ಬಿಚ್ಚಿದರು. ಕರ್ರಗಿನ ಎಣ್ಣೆ ಹಳೇ ಬೋಗುಣಿಗೆ ಸುರಿಯಿತು. ನಾನು ಬೋಗುಣಿ ಹಿಡಿಯಲು ಬಗ್ಗಿದರೆ, ಸೀರೆ ಹಾಳಾಗುತ್ತದೆ, ದೂರ ನಿಲ್ಲು ಎಂದು ಅಡಿಯಿಂದಲೇ ಗದರಿದರು. ಕೊನೆಯ ಹನಿಯೂ ಇಳಿಯುವವರೆಗೆ ಕಾದು ಬೋಲ್ಟು ಬಿಗಿದರು. ಹೊಸದು ಬಂದ ಮೇಲೆ ತಾವೇ ಸುರಿದು, ಅದು ಕೆಳಗಿಳಿಯಲು ಬಿಟ್ಟು, ಎರಡು ಸಲ ಕಡ್ಡಿ ನೋಡಿದ ನಂತರವೇ ನನ್ನನ್ನು ಕಾರು ಹತ್ತಲು ಬಿಟ್ಟರು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಚಿಕ್ಕಬಳ್ಳಾಪುರ ಮುಟ್ಟಿದೆವು.

ಕೆಲಸ ಸಿಕ್ಕಿತು, ಅದೂ ನಮ್ಮೂರಿನಲ್ಲೇ. ಒಂದು ದಿನ ಇಂಗ್ಲಿಷ್ ಪಾಠದಲ್ಲಿ ಆಯಿಲ್ ಎಂದರೆ ಎಣ್ಣೆ ಎಂದು ಹಲಗೆಯ ಮೇಲೆ ಬರೆಯಬೇಕಾಗಿ ಬಂತು. ಪಾಪ, ಅತ್ತೆಗೆ ಗೊತ್ತಿಲ್ಲದೆ ವ್ರತಭಂಗವಾಯಿತಲ್ಲ ಎಂದು ಮನಸ್ಸಿಗೆ ಚುಚ್ಚಿತು. ಮನೆಗೆ ಬಂದವಳೇ, ಎರಡೂ ಒಂದೇ ಎಂದು ಅಳುಕುತ್ತಲೇ ಹೇಳಿದೆ.

ಅತ್ತೆ ರಾಗಿ ಕೇರುತ್ತಿದ್ದರು. ಮೊರ ನಿಲ್ಲಿಸಲಿಲ್ಲ.

"ಗೊತ್ತಿಲ್ದೆ ಏನಮ್ಮ," ಎಂದರು. "ನಿಂಗೆ ಹೊತ್ತಾಗ್ತಿತ್ತು."