ಖಾಲಿ ಓಡಿದ ಎಂಜಿನ್

ರೇವಪ್ಪ ಡೀಸೆಲ್ ಕದಿಯಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಡೀಸೆಲ್ ಎಲ್ಲಿಗೆ ಹೋಗುತ್ತಿದೆ ಎಂಬುದೂ ಗೊತ್ತಿತ್ತು — ಹೊಗೆಯಾಗಿ ಇಂಡಿ ಊರಿನ ಆಕಾಶಕ್ಕೆ ಹೋಗುತ್ತಿತ್ತು, ನನ್ನ ಹುಕುಮಿನಿಂದ. ಗೊತ್ತಿದ್ದೂ ಆ ಮನುಷ್ಯನ ಕಡೆ ಬೆರಳು ಮಾಡಿದೆ.

ಸಣ್ಣ ವಯಸ್ಸು, ಬಡತನ, ಹೆದರಿಕೆ ಎಂದೆಲ್ಲ ಬರೆಯಬಹುದು. ಬೇಡ. ಮೂವತ್ತು ದಾಟಿತ್ತು ನನಗೆ. ಹೊಟ್ಟೆ ತುಂಬಿತ್ತು.

ಎಪ್ಪತ್ತರ ದಶಕದ ಮಾತು. ಇಂಡಿಯ ಅಂಚಿಗೆ ಒಂದು ಎಣ್ಣೆ ಗಿರಣಿ ಇತ್ತು. ಕುಸುಬಿ, ಶೇಂಗಾ ತುಂಬಿದ ಚಕ್ಕಡಿಗಳು ಸಿಂದಗಿ ಕಡೆಯಿಂದಲೂ ಬರುತ್ತಿದ್ದವು. ನಾನು ದನ ಕಾಯ್ದು, ಮೀಸೆ ಬಂದ ಮೇಲೆ ಸಣ್ಣ ಹುಡುಗರ ಪಕ್ಕ ಕೂತು ಓದಿ ಹತ್ತನೆಯ ಪರೀಕ್ಷೆ ಪಾಸಾದವನು. ಗಿರಣಿಯ ಸಾವಕಾರರು ನನ್ನನ್ನು ಮ್ಯಾನೇಜರ್ ಎಂದು ಕರೆದರು. ಆ ಒಂದು ಶಬ್ದ ತಲೆಗೆ ಏರಿದ್ದು — ಇಳಿಯಲು ಬಹಳ ವರ್ಷ ಹಿಡಿಯಿತು.

ಗಿರಣಿ ಎಂದರೆ ಒಂದು ದೊಡ್ಡ ಡೀಸೆಲ್ ಎಂಜಿನ್, ಅದಕ್ಕೆ ಬೆಲ್ಟಿನ ಪಟ್ಟಾ ಹಾಕಿ ತಿರುಗಿಸುವ ಎರಡು ಎಣ್ಣೆ ಯಂತ್ರ. ಹೊಗೆ ಕೊಳವೆಯ ಬಾಯಿಗೆ ತಗಡಿನ ಡಬ್ಬಿ ಕಟ್ಟಿದ್ದರು. ಅದರಿಂದ ಏಳುವ ಕುಕ್ ಕುಕ್ ಸಪ್ಪಳ ದೂರದ ಹೊಲಗಳಿಗೂ ಕೇಳುತ್ತಿತ್ತು. ಸಪ್ಪಳ ಕೇಳಿದರೆ ರೈತ ಗಾಡಿ ಇತ್ತ ತಿರುಗಿಸುತ್ತಾನೆ ಎಂಬುದು ಸಾವಕಾರರ ನಂಬಿಕೆ. ಅವರ ಮನೆ ಗಿರಣಿಗೆ ಹೊಂದಿಕೊಂಡೇ ಇತ್ತು. ಗಾದಿಯ ಮೇಲೆ ಲೋಡಿಗೆ ಒರಗಿ, ಕಣ್ಣು ಮುಚ್ಚಿ, ಆ ಮಹಾರಾಯರು ಕಿವಿಯಿಂದಲೇ ಗಿರಣಿ ನಡೆಸುತ್ತಿದ್ದರು. ಸಪ್ಪಳ ಇದ್ದರೆ ಕೆಲಸ ನಡೆದಿದೆ. ಸಪ್ಪಳ ನಿಂತರೆ ಆಳುಗಳು ಮೈಗಳ್ಳರು. “ಯಾಕೋ, ಗಿರಣಿ ಸತ್ತೈತೇನು?” ಎಂದು ಕೂತಲ್ಲಿಂದಲೇ ಕೂಗುತ್ತಿದ್ದರು. ಧೋತರಕ್ಕೆ ಜಿಡ್ಡು ಹತ್ತೀತೆಂದು ಒಳಗೆ ಕಾಲಿಟ್ಟವರಲ್ಲ.

ಅವರ ಈ ಮೂರ್ಖತನಕ್ಕೆ ನಾನು ಶಿಸ್ತು ಎಂದು ಹೆಸರಿಟ್ಟೆ. ಮುಂಜಾನೆ ಚಾಲೂ ಮಾಡಿದ ಎಂಜಿನ್ ಸಂಜೆಯವರೆಗೆ ನಿಲ್ಲಕೂಡದು ಎಂದು ಕಾನೂನು ಮಾಡಿದೆ. ಕಾಳು ಮುಗಿದು ಮುಂದಿನ ಚಕ್ಕಡಿಯ ದಾರಿ ಕಾಯುವಾಗಲೂ, ಆಳುಗಳು ಬುತ್ತಿ ಬಿಚ್ಚಿದಾಗಲೂ — ಪಟ್ಟಾ ಸರಿಸಿ ಎಂಜಿನ್ ಖಾಲಿ ಓಡಿಸಬೇಕು. ಗಾಳಿ ಎಳೆಯುವ ಫಿಲ್ಟರ್ ತೊಳೆಯುವುದಕ್ಕೂ ನಿಲ್ಲಿಸಗೊಡಲಿಲ್ಲ. ಅದು ಧೂಳು ಹಿಡಿದು ಕಟ್ಟಿಕೊಂಡು ಹೊಗೆ ಕರ್ರಗಾಯಿತು. ಸಾವಕಾರರಿಗೆ ಅದೂ ಸಂತೋಷವೇ: “ಹೊಗಿ ದಂಡಿ ಬರಾಕತ್ತೈತಿ. ಕೆಲಸ ದಂಡಿ ನಡದೈತಿ ಬಿಡು!”

ರೇವಪ್ಪ ಎಂಜಿನ್ ನಡೆಸುವವನು, ಝಳಕಿಯ ಮನುಷ್ಯ. ಸತ್ತವನೆಂದು ಈಗ ಅವನನ್ನು ಶರಣನನ್ನಾಗಿ ಮಾಡಲಾರೆ. ಸೋಮಾರಿ. ಬಾಯಿ ಹೊಲಸು. ಎಲೆ ಅಡಿಕೆ ಉಗುಳಿ ಉಗುಳಿ ಗಿರಣಿಯ ಗೋಡೆ ಕೆಂಪು ಮಾಡಿದ್ದ. ಉಂಡ ಮೇಲೆ ಅವನಿಗೆ ನಿದ್ದೆ ಬೇಕು, ನಿದ್ದೆ ಬರಲು ಎಂಜಿನ್ ಬಾಯಿ ಮುಚ್ಚಬೇಕು. ಅಷ್ಟಕ್ಕೇ ಅದನ್ನು ನಿಲ್ಲಿಸುತ್ತಿದ್ದ. ನಾನು ಬೈದು ಮತ್ತೆ ಚಾಲೂ ಮಾಡಿಸುತ್ತಿದ್ದೆ.

“ಮ್ಯಾನೇಜರ್ ಸಾಹೇಬ್ರ, ಎತ್ತಿಗೆ ನೊಗಾ ಇಳಿಸಿ ಮೇವು ಹಾಕ್ತಾರ. ನೀವು ನೊಗಾ ಇಳಿಸಿ ಓಡಸಾಕ ಹಚ್ಚೀರಲ್ಲ! ಹುಚ್ಚ ಹಿಡದದ್ದು ಯಾರಿಗ್ರಿ, ಅದಕ್ಕೋ ನಿಮಗೋ?”

“ನಿಂತ್ರ ಮತ್ತ ಚಾಲೂ ಮಾಡಾಕ ಹೊತ್ತು ಹೋಗತೈತಿ,” ಎಂದೆ.

“ಹ್ಯಾಂಡಲ್ ಹೊಡಿಯಾಂವ ನಾನೋ ನೀವೋ? ನನ್ನ ರಟ್ಟಿ, ನನ್ನ ಬ್ಯಾನಿ. ನಿಮ್ಮದೇನು ಗಂಟು ಹೋಗತೈತಿ?”

ಆಳುಗಳೆಲ್ಲ ನಕ್ಕರು. ಆ ನಗು ನನ್ನ ಹೊಟ್ಟೆಯಲ್ಲಿ ಉಳಿಯಿತು. ಅವನ ಸೋಮಾರಿತನ ಡೀಸೆಲ್ ಉಳಿಸುತ್ತದೆ, ನನ್ನ ಶಿಸ್ತು ಕುಡಿಯುತ್ತದೆ ಎಂಬುದು ನನಗೆ ಕಾಣಲಿಲ್ಲ ಎಂದಲ್ಲ. ಕಂಡಿತು. ಆದರೆ ಅವನ ಮಾತು ಸರಿ ಎಂದರೆ — ನಾನು ಯಾತರ ಮ್ಯಾನೇಜರ್?

ಆಮೇಲೆ ಡೀಸೆಲ್ ಸಿಗದ ಕಾಲ ಬಂತು. ಬ್ಯಾರಲ್ ತುಂಬಿಸಲು ಬಿಜಾಪುರಕ್ಕೆ ಹೋಗಿ ಪಾಳಿ ಹಚ್ಚಬೇಕು. ಒಮ್ಮೆ ಸಾವಕಾರರೇ ಹೋದರು, ದಿನವೆಲ್ಲ ಬಿಸಿಲು ತಿಂದು ಅರ್ಧ ಬ್ಯಾರಲ್ ತಂದರು. ಮರುದಿನ ಧೋತರ ಎತ್ತಿ ಹಿಡಿದುಕೊಂಡು ನೇರ ಗಿರಣಿಯೊಳಗೆ ಬಂದರು.

“ಡೀಜಲ್ ಎಲ್ಲಿ ಹೊಂಟೈತಿ? ಯಾರ ಕುಡ್ಯಾಕತ್ತೀರಿ?”

ಎಲ್ಲರೂ ಎದ್ದು ನಿಂತೆವು. ಊಟದ ಹೊತ್ತು. ನಮ್ಮ ಬೆನ್ನ ಹಿಂದೆ ಎಂಜಿನ್ ಖಾಲಿ ಓಡುತ್ತಲೇ ಇತ್ತು — ಸಾವಕಾರರು ಅದರ ಸಪ್ಪಳದ ಮೇಲೆ ದನಿ ಏರಿಸಿ ಕೇಳುತ್ತಿದ್ದರು! ಕೊಳವೆಯ ಕಡೆ ಕೈ ತೋರಿಸಿದ್ದರೆ ಸಾಕಿತ್ತು. ನಾನು ಹೇಳಿದ್ದು ಇಷ್ಟು:

“ಎಂಜಿನ್ ಹಂತ್ಯಾಕ ಇರಾಂವ ರೇವಪ್ಪ. ಅವನ್ನ ಕೇಳ್ರಿ.”

ಕಳ್ಳ ಎನ್ನಲಿಲ್ಲ. ಹಾಗೆನ್ನುವ ಧೈರ್ಯವೂ ಇರಲಿಲ್ಲ ನನ್ನಂಥ ಹೇಡಿಗೆ. ಸಾವಕಾರರ ಕಣ್ಣು ಮೂಲೆಯ ಡಬ್ಬಿಗೆ ಹೋಯಿತು. ಅದರಲ್ಲಿ ಒಂದಿಷ್ಟು ಡೀಸೆಲ್ ಇತ್ತು, ಜಿಡ್ಡು ತೊಳೆಯಲು ಇಟ್ಟದ್ದು. ರೇವಪ್ಪ ನಕ್ಕ.

“ಕೈ ತೊಳ್ಯಾ ಎಣ್ಣಿರಿ ಅದು! ಅದನ್ನ ಮಾರಿ ಮಾಳಿಗಿ ಕಟ್ಟೇನೇನು?” ಎಂದ. ಸಾವಕಾರರ ಮುಖ ಸಡಿಲಾಗಲಿಲ್ಲ. ಆಗ ನನ್ನ ಕಡೆ ತಿರುಗಿದ. “ಹೇಳ್ರಿ ಸಾಹೇಬ್ರ. ನೀವಽ ಹೇಳ್ರಿ.”

ನಾನು ಪಟ್ಟಾ ನೋಡುತ್ತ ನಿಂತೆ. ಪಟ್ಟಾದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಅವತ್ತೇ ಅವನನ್ನು ಹೊರಗೆ ಹಾಕಿದರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ಎಲ್ಲ ಕಡೆಯ ಗಿರಣಿ ಮಾಲೀಕರಿಗೆ ಸಾವಕಾರರು ಪ್ಯಾಟೆಯಲ್ಲಿ ಸುದ್ದಿ ಮುಟ್ಟಿಸಿದರು. ಮುಂದೆ ಯಾರೂ ಅವನಿಗೆ ಎಂಜಿನ್ ಮುಟ್ಟಗೊಡಲಿಲ್ಲ. ಇಂಡಿಯ ಪ್ಯಾಟೆಯಲ್ಲಿ ಚೀಲ ಹೊರುವ ಹಮಾಲನಾದ. ಎಣ್ಣಿಗಳ್ಳ ಎಂಬ ಹೆಸರು ಅಂಟಿತು.

ಹೊಸದಾಗಿ ಬಂದವನು ಬಹಳ ವಿಧೇಯ. ಓಡಿಸು ಎಂದರೆ ಓಡಿಸಿದ. ಡೀಸೆಲ್ ಮೊದಲಿನಂತೆಯೇ ಮುಗಿಯಿತು. ಈಗ ಬೆರಳು ಮಾಡಲು ಇನ್ನೊಬ್ಬ ರೇವಪ್ಪ ಇರಲಿಲ್ಲ. ಇನ್ನು ಸರದಿ ನನ್ನದೇ. ಅಷ್ಟರಲ್ಲಿ ಸಾವಕಾರರು ಹೆಂಡತಿಯ ಔಷಧಕ್ಕೆಂದು ಸೊಲ್ಲಾಪುರಕ್ಕೆ ಹೋಗಿ ಕೆಲವು ವಾರ ಅಲ್ಲೇ ಉಳಿದರು. ಕೇಳುವ ಕಿವಿ ಊರಲ್ಲಿ ಇಲ್ಲವಲ್ಲ — ಕಾಳು ಇಲ್ಲದಾಗ ಎಂಜಿನ್ ನಿಲ್ಲಿಸಿದೆ. ಊಟಕ್ಕೆ ನಿಲ್ಲಿಸಿದೆ. ಫಿಲ್ಟರ್ ತೊಳೆಸಿದೆ. ಹೊಗೆ ತಿಳಿಯಾಯಿತು, ಬ್ಯಾರಲ್ಲಿನಲ್ಲಿ ಡೀಸೆಲ್ ಉಳಿಯಿತು.

ಸಾವಕಾರರು ತಿರುಗಿ ಬಂದು ಬ್ಯಾರಲ್ ಬಡಿದು ನೋಡಿ ತೊಡೆ ತಟ್ಟಿದರು. “ನೋಡಿದ್ರೇನೋ? ಕಳ್ಳ ಹ್ವಾದ, ಡೀಜಲ್ ಉಳೀತು!”

ರೇವಪ್ಪ ಬೇಡಿದ್ದನ್ನು ಮಾಡಿದ್ದರಿಂದ ಉಳಿದ ಡೀಸೆಲ್ಲು ಅವನು ಕಳ್ಳ ಎಂಬುದಕ್ಕೆ ಸಾಕ್ಷಿಯಾಯಿತು. ಸಾವಕಾರರು ಮೆಚ್ಚಿ ಆಳುಗಳ ಎದುರು ನನ್ನ ತಲೆಗೆ ರುಮಾಲು ಸುತ್ತಿದರು. ಅವರಿಗೆ ಎಟುಕಲೆಂದು ನಾನೇ ತಲೆ ಬಗ್ಗಿಸಿದೆ. ಮಧ್ಯಾಹ್ನ ಸಪ್ಪಳ ಏಕಿಲ್ಲ ಎಂದು ಅವರು ಕೇಳಿದಾಗ, “ಎತ್ತಿಗೆ ನೊಗಾ ಇಳಿಸಿದಂಗ್ರಿ, ದಣಿವು ಆರಸ್ಬೇಕು,” ಎಂದೆ. ಶಾಣ್ಯಾ ಅದಿ ಎಂದರು. ಆ ಗಿರಣಿಯಲ್ಲಿ ಕಳ್ಳತನ ನಡೆದದ್ದು ನಿಜ — ರೇವಪ್ಪನ ಮಾತನ್ನು ಕೂಡ ನಾನು ಕದಿಯದೆ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ರುಮಾಲು ಸುತ್ತಿಕೊಂಡು ಗಿರಣಿಯ ಬಾಗಿಲಲ್ಲಿ ನಿಂತಿದ್ದೆ. ರೇವಪ್ಪ ಬೆನ್ನ ಮೇಲೆ ಚೀಲ ಹೊತ್ತು ಬಂದ. ನನ್ನ ಎದುರು ನಿಂತು ಕತ್ತು ಓರೆ ಮಾಡಿ ಆಲಿಸಿದ.

“ಸಪ್ಪಳ ಇಲ್ಲಲ್ರಿ ಸಾಹೇಬ್ರ. ಊಟದ ಹೊತ್ನ್ಯಾಗ ನಿಂದರ್ಸಾಕತ್ತೀರಿ?”

“ಸಾವಕಾರ್ರ ಅಪ್ಪಣಿ ಆಗೈತಿ,” ಎಂದೆ.

“ಹೌದೇನ್ರಿ? ಛಲೋ ಆತು.” ರುಮಾಲು ನೋಡಿದ. “ಒಪ್ಪೇತಿ ನಿಮಗ.” ಎಲೆ ಅಡಿಕೆ ಉಗುಳಿ ಮುಂದೆ ನಡೆದ. ನನ್ನ ಮೇಲೆ ಉಗುಳಲಿಲ್ಲ. ಅದು ಅವನ ದೊಡ್ಡತನವೋ, ಉಗುಳಿಗೂ ನಾನು ಯೋಗ್ಯನಲ್ಲ ಎಂದೋ —

ಅವನು ತೀರಿಕೊಂಡು ವರ್ಷಗಳಾದವು. ಅವನ ಮಗ ಝಳಕಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಹೋದ ತಿಂಗಳು ಬಸ್ಸಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು: “ಎಣ್ಣಿಗಳ್ಳನ ಮಗನ ಗಿರಣ್ಯಾಗ ಬೀಸಿಸೇನಿ. ಹಿಟ್ಟು ತೂಗಿ ತಗೋಬೇಕವ್ವ.” ನಾನು ಮುಂದಿನ ಸೀಟಿನಲ್ಲಿದ್ದೆ. ಕಿಟಕಿಯ ಹೊರಗೆ ನೋಡಿದೆ. ಪಟ್ಟಾ ನೋಡಿದ ಹಾಗೆಯೇ.

ಸೋಮವಾರ ಝಳಕಿಗೆ ಹೋಗುತ್ತೇನೆ. ಜನ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತ ಹೊತ್ತಿಗೇ ಹೋಗಬೇಕು, ಅವರಿಗೂ ಕೇಳಬೇಕು. ಆದರೆ ಗಿರಣಿಯ ಸಪ್ಪಳದಲ್ಲಿ ಯಾರಿಗೂ ಏನೂ ಕೇಳದು. ಆ ಮಗನಿಗೆ ಮೊದಲು ಕೈ ಮುಗಿದು ಹೇಳಬೇಕಾದ ಮಾತು — ತಮ್ಮಾ, ಒಂದು ಸ್ವಲ್ಪ ಗಿರಣಿ ನಿಲ್ಲಿಸು.