ಜಂಬವ್ವ ನೀರು ಬಿಟ್ಟ ಬ್ಲಾಕುಗಳು

ವಡ್ಡು ಎಂಬ ಊರಿನ ಹತ್ತಿರದ ಸಿಮೆಂಟ್ ಬ್ಲಾಕಿನ ಅಂಗಳದಲ್ಲಿ ಜಂಬವ್ವನದು ಹದಿನೆಂಟು ವರ್ಷದಿಂದ ಒಂದೇ ಕೆಲಸ, ಅಚ್ಚಿನಿಂದ ತೆಗೆದ ಬ್ಲಾಕುಗಳಿಗೆ ಹೊತ್ತುಹೊತ್ತಿಗೆ ನೀರುಣಿಸುವುದು. ಗಂಡ ಮಾರೆಪ್ಪ ತೀರಿಕೊಂಡ ಮೇಲೆ ಅಂಗಳದ ಮೂಲೆಯ ತಗಡಿನ ಕೋಣೆಯೇ ಮನೆ. ಎದುರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಅಷ್ಟು ಗದ್ದಲದಲ್ಲೂ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮಾಲೀಕನಂತೂ "ನೀರು ಆತೇನ" ಎಂದು ಕೇಳಿಯಾನೇ ಹೊರತು "ಊಟ ಆತೇನ" ಎಂದವನಲ್ಲ.

೨೦೦೭ರ ಬೇಸಿಗೆಯಲ್ಲಿ ಹೊಸಪೇಟೆಯಿಂದ ಮುರುಗೇಶ್ ಎಂಬ ಇಂಜಿನಿಯರ್ ಗುರುವಾರ ಗುರುವಾರ ಬರತೊಡಗಿದ. ಸುಣ್ಣದ ಭಟ್ಟಿಯ ಹೊಗೆಯಿಂದ ಹಿಡಿದ ಇಂಗಾಲದ ಡೈಆಕ್ಸೈಡನ್ನು ಸಿಲಿಂಡರಿನಲ್ಲಿ ತಂದು, ಬ್ಲಾಕು ಜೋಡಿಸಿದ ಕೋಣೆಗೆ ಬಿಟ್ಟು ಬಾಗಿಲು ಮುಚ್ಚುವುದು ಅವನ ಪ್ರಯೋಗ. ಅನಿಲ ಬ್ಲಾಕಿನೊಳಗೆ ಸೇರಿ ಕಲ್ಲಾಗುತ್ತದೆ, ಸಿಮೆಂಟು ಕಡಿಮೆ ಸಾಕು, ಹೊಗೆಯೂ ಆಕಾಶಕ್ಕೆ ಹೋಗುವುದಿಲ್ಲ.

"ಈ ಬ್ಲಾಕಿಗೆ ನೀರು ಹಾಕಬ್ಯಾಡ್ರಿ, ಜಂಬವ್ವ. ಒಳಗ ನೀರು ತುಂಬಿದ್ರ ಗ್ಯಾಸ್ ಹೋಗಂಗಿಲ್ಲ," ಎಂದ. ಬಾಗಿಲು ಮುಚ್ಚಿದ ಮೇಲೆ ಸಂಜೆವರೆಗೂ ಅವನಿಗೆ ಕೆಲಸವಿಲ್ಲ. ಅವಳ ರೊಟ್ಟಿ, ಪುಂಡಿಪಲ್ಯ ತಿನ್ನುತ್ತ, ಮಾರೆಪ್ಪನ ಸುದ್ದಿ ಕೇಳುತ್ತ ಕೂತುಬಿಡುತ್ತಿದ್ದ.

ಅಷ್ಟು ಹೇಳಿಸಿಕೊಂಡೂ, ಗುರುವಾರದ ಪ್ರಯೋಗಕ್ಕೆಂದು ತೆಗೆದಿಟ್ಟ ಬ್ಲಾಕುಗಳನ್ನು ಕಂಡು ಬುಧವಾರ ಸಂಜೆ ಜಂಬವ್ವನ ಕೈ ಸುಮ್ಮನಿರಲಿಲ್ಲ. ಒಣಗಿದ ಬ್ಲಾಕನ್ನು ಹಾಗೇ ಬಿಟ್ಟು ಹೋಗುವುದು ಅವಳಿಂದಾಗದ ಮಾತು. ಪೈಪು ಹಿಡಿದು ನೆನೆಸಿಯೇಬಿಟ್ಟಳು. ಬೆಳಗಿನ ಬಿಸಿಲಿಗೆ ಮೇಲ್ಮೈ ಒಣಗಿತು, ಒಳಗಿನ ತೇವ ಉಳಿಯಿತು. ಗುರುವಾರ ಸಂಜೆ ಒತ್ತಿ ನೋಡುವ ಯಂತ್ರಕ್ಕಿಟ್ಟರೆ ಬ್ಲಾಕುಗಳು ಬೆಲ್ಲದುಂಡೆಯ ಹಾಗೆ ಪುಡಿಯಾದವು. ಮುರುಗೇಶ್ ತಲೆ ಕೆರೆದುಕೊಂಡ. "ಇರ್ಲಿ, ಮುಂದಿನ ಗುರುವಾರ ಮತ್ತ ನೋಡೋಣು."

ಆ ಮಾತಿನ ರುಚಿ ಜಂಬವ್ವನಿಗೆ ಹತ್ತಿತು. ಮೊದಲ ಸಲದ್ದು ಕೈಯ ಅಭ್ಯಾಸ, ನಿಜ. ಆಮೇಲಿನ ಮೂರು ಬುಧವಾರ ಬೇಕಂತಲೇ ನೀರು ಬಿಟ್ಟಳು. ಬ್ಲಾಕು ಕೆಟ್ಟಷ್ಟು ದಿನ ಅವನು ಬರುತ್ತಾನೆ. ಕಳ್ಳಿ ಎನ್ನಿ, ಪಾಪ ಎನ್ನಿ, ಅವಳಿಗೆ ಮಾತಾಡಲು ಒಬ್ಬರು ಬೇಕಿತ್ತು.

ನಾಲ್ಕನೇ ಸಲವೂ ಹಾಗೇ ಆದಾಗ ಮುರುಗೇಶ್ ಆ ಪುಡಿಯ ಪಕ್ಕದಲ್ಲೇ ಕುಸಿದು ಕೂತ. "ನನಗ ಈ ಕೆಲಸ ಬರಂಗಿಲ್ಲ ಅನಸ್ತದ, ಜಂಬವ್ವ. ಬಿಟ್ಟುಬಿಡ್ತೀನಿ."

ಜಂಬವ್ವ ಅವನೆದುರು ಬಂದು ಕೂತಳು. "ನೀರು ನಾನ ಬಿಟ್ಟೀನ್ರಿ. ನಿಮ್ದೇನೂ ತಪ್ಪಿಲ್ಲ."

"ಯಾಕ ಬಿಟ್ರಿ?"

"ಕೈ ಸುಮ್ನಿರಲಿಲ್ರಿ." ಉಳಿದದ್ದನ್ನು ಹೇಳಲು ನಾಚಿಕೆಯಾಯಿತು. ಅವನು ಬೈಯಲಿಲ್ಲ, ಹಗುರಾಗಿ ನಕ್ಕುಬಿಟ್ಟ.

ಮುಂದಿನ ಬುಧವಾರ ಅವಳು ಪೈಪು ಮುಟ್ಟಲಿಲ್ಲ. ಗುರುವಾರದ ಬ್ಲಾಕುಗಳು ಯಂತ್ರಕ್ಕೇ ಸೆಡ್ಡು ಹೊಡೆದವು. ಮುರುಗೇಶ್ ಅವಳ ಎರಡೂ ಕೈ ಹಿಡಿದುಕೊಂಡು, "ಆತು ಜಂಬವ್ವ, ನನ್ನ ಕೆಲಸ ಮುಗೀತು," ಎಂದ. ಸಿಲಿಂಡರುಗಳನ್ನು ಗಾಡಿಗೇರಿಸಿ ಹೊರಟ. ಅವನನ್ನು ಅಷ್ಟು ಖುಷಿಯಾಗಿ ಅವಳು ಎಂದೂ ನೋಡಿರಲಿಲ್ಲ. ಇನ್ನವನು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅಂದು ನೀರು ಬಿಟ್ಟದ್ದನ್ನು ಹೇಳಿದ್ದಳು.